ಮೀನು ಅಳೆಯುವವರು ಶಾಲೆಗೆ ಯಾಕೆ ಬರುತ್ತಾರೆ?

ಪ್ರಶ್ನೆ: ನಾನು ಕುಮಟಾ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ. ಹೋದ ವರ್ಷ ಪಕ್ಕದೂರಿನ ಹೈಸ್ಕೂಲಿಗೆ ಕಾರವಾರದಿಂದ ಒಬ್ಬ ವಿಜ್ಞಾನಿ ಬಂದು ಅರ್ಧ ದಿನ ಮಕ್ಕಳ ಜೊತೆ ಕಳೆದರಂತೆ. ಬಸ್ ಚಾರ್ಜನ್ನೂ ತೆಗೆದುಕೊಳ್ಳಲಿಲ್ಲವಂತೆ. ಇದನ್ನು ನಮ್ಮ ಸಭೆಯಲ್ಲಿ ಹೇಳಿದಾಗ ಒಬ್ಬ ಪಾಲಕರು, ‘ಲಾಭ ಇಲ್ಲದೆ ಯಾರು ಬರ್ತಾರೆ? ಮೇಲಿಂದ ಆರ್ಡರ್ ಇರಬೇಕು, ಇಲ್ಲಾ ಕೋಚಿಂಗ್ ಕ್ಲಾಸಿನವರಿರಬೇಕು’ ಅಂದರು. ನಿಜವಾಗಿ ಅವರು ಯಾಕೆ ಬರುತ್ತಾರೆ? ನಮ್ಮ ಶಾಲೆಗೂ ಕರೆಯಬಹುದೇ? ಕರೆದರೆ ಹೇಗೆ?

ಉತ್ತರ: ಆ ಪಾಲಕರು ಕೇಳಿದ್ದರಲ್ಲಿ ತಪ್ಪಿಲ್ಲ. ಶಾಲೆಯ ಬಾಗಿಲಿಗೆ ಬಂದವರನ್ನೆಲ್ಲ ಹಾಗೆ ಕೇಳಲೇಬೇಕು, ಮಕ್ಕಳನ್ನು ಕಾಯುವವರ ಕೆಲಸ ಅದು. ನಾನು ಕಾರವಾರದಲ್ಲಿದ್ದುಕೊಂಡು ಇಪ್ಪತ್ತಾರು ವರ್ಷ, ಹೊಳೆ ಕಡಲು ಸೇರುವ ಅಳಿವೆಯ ಮೀನು, ಬಳಚು ಎಂಬ ಚಿಪ್ಪುಜೀವಿಗಳ ಮೇಲೆ ಕೆಲಸ ಮಾಡಿ ನಿವೃತ್ತಳಾದವಳು. ಕೆಲಸದಲ್ಲಿದ್ದಾಗಲೂ ಆಮೇಲೂ ಮಾಜಾಳಿಯಿಂದ ಭಟ್ಕಳದವರೆಗೆ, ಘಟ್ಟ ಹತ್ತಿ ಶಿರಸಿ, ಸಿದ್ದಾಪುರದವರೆಗೆ ಶಾಲೆಗಳಿಗೆ ಹೋಗಿದ್ದೇನೆ. ಎಲ್ಲ ವಿಜ್ಞಾನಿಗಳ ಪರವಾಗಿ ಮಾತಾಡಲಾರೆ, ನನ್ನ ಲೆಕ್ಕ ಕೊಡಬಲ್ಲೆ.

ಮೊದಲು ಆರ್ಡರಿನ ಮಾತು ಮುಗಿಸುತ್ತೇನೆ. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿ ನಾಗರಿಕರ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ ಮಾತು ಅದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2019ರಲ್ಲಿ ಹೊರಡಿಸಿದ ಕರಡು ನೀತಿಯಲ್ಲಿ, ವಿಜ್ಞಾನಿಗಳು ವರ್ಷಕ್ಕೆ ಕನಿಷ್ಠ ಹತ್ತು ದಿನವಾದರೂ ತಮ್ಮ ತಿಳಿವಳಿಕೆಯನ್ನು ಸಮಾಜದ ಜೊತೆ ಹಂಚಿಕೊಳ್ಳಬೇಕು ಎಂದಿತ್ತು. 2022ರಲ್ಲಿ ಮಾರ್ಗಸೂಚಿಯೂ ಬಂತು. ಯೋಜನೆಯ ವಾರ್ಷಿಕ ವರದಿಯಲ್ಲಿ ‘ಶಾಲಾ ಭೇಟಿ’ ಎಂಬ ಒಂದು ಸಾಲು ಸೇರುತ್ತದೆ ಎನ್ನುವುದೂ ನಿಜ. ಆದರೆ ಶಾಲೆಗೆ ಹೋಗಲಿಲ್ಲ ಎಂದು ಯಾರ ಸಂಬಳವನ್ನೂ ಕಡಿದದ್ದನ್ನು ನಾನು ಕಂಡಿಲ್ಲ. ಬರೀ ವರದಿಯ ಸಾಲಿಗಾಗಿ ಬಂದವರು ಯಾರು ಎಂಬುದು ಮಕ್ಕಳಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಂಥವರು ಎರಡನೇ ಸಲ ಬರುವುದೂ ಇಲ್ಲ.

ನನ್ನ ಮಟ್ಟಿಗೆ ಇದರ ಬೇರು ತದಡಿ ಬಂದರಿನಲ್ಲಿದೆ. ನನಗೆ ಆಗ ಹದಿಮೂರು ವರ್ಷ. ಅಪ್ಪ ಮೀನಿಗೆ ಐಸು ತುಂಬುವ ಕೆಲಸಕ್ಕೆ ಹೋಗುತ್ತಿದ್ದರು, ರಜೆಯಲ್ಲಿ ಅವರಿಗೆ ಊಟ ಒಯ್ಯುವುದು ನನ್ನ ಪಾಲು. ಒಂದು ದಿನ ಒಬ್ಬರು ಅಳತೆಯ ಹಲಗೆ ಇಟ್ಟುಕೊಂಡು, ಬುಟ್ಟಿಯಿಂದ ಬಂಗಡೆಗಳನ್ನು ಒಂದೊಂದಾಗಿ ತೆಗೆದು ಮೂತಿಯಿಂದ ಬಾಲದ ತುದಿಯವರೆಗೆ ಅಳೆಯುತ್ತ ಕೂತಿದ್ದರು. ಕೈ ಒದ್ದೆ, ಪುಸ್ತಕವೂ ಒದ್ದೆ. ನನ್ನನ್ನು ನೋಡಿ, ‘ತಂಗಿ, ಅಂಕಿ ಬರೀಲಿಕ್ಕೆ ಬರ್ತದಾ? ನಾ ಹೇಳ್ತೇನೆ, ನೀ ಬರಿ’ ಅಂದರು. ಐವತ್ತು ಮೀನು ಬರೆದೆ. ಮುಗಿದ ಮೇಲೆ, ಇದನ್ನೆಲ್ಲ ಯಾಕೆ ಬರೆಯುವುದು ಎಂದು ಕೇಳಿದೆ. ಹೋಗಮ್ಮ ಅನ್ನಬಹುದಿತ್ತು, ಅನ್ನಲಿಲ್ಲ. ಬಲೆಗೆ ಬಿದ್ದದ್ದರಲ್ಲಿ ಮರಿಯೆಷ್ಟು, ಮೊಟ್ಟೆ ಇಟ್ಟು ಮುಗಿಸಿದ್ದೆಷ್ಟು ಎಂದು ಅಳತೆಯಿಂದ ಅಂದಾಜು ಸಿಗುತ್ತದೆ, ಮರಿಯೇ ಹೆಚ್ಚಾಗಿ ಸತ್ತರೆ ಮುಂದಿನ ವರ್ಷ ನಿಮ್ಮಪ್ಪನಿಗೆ ಐಸು ತುಂಬುವ ಕೆಲಸ ಕಡಿಮೆ ಎಂದು ವಿವರಿಸಿದರು. ಹಾಸಿ ಬಿದ್ದಿದ್ದ ಮೀನಿನ ಒಳಗೆ ಮುಂದಿನ ವರ್ಷ ಕಾಣುತ್ತದೆ ಎಂದು ಅವತ್ತು ಮೊದಲ ಸಲ ತಿಳಿಯಿತು. ಅವರ ಹೆಸರು ಕೇಳಿಕೊಳ್ಳಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಅವರಿಗೆ ತೀರಿಸಬೇಕಾದದ್ದನ್ನು ಯಾವುದೋ ಶಾಲೆಯ ಎಂಟನೇ ತರಗತಿಯಲ್ಲಿ ತೀರಿಸುತ್ತಿದ್ದೇನೆ.

ಈ ತೀರಿಸುವಿಕೆ ಹಳೆಯದು. ಮೈಕೆಲ್ ಫ್ಯಾರಡೆ ಕಮ್ಮಾರನ ಮಗ, ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಹುಡುಗ ಕೇಳಿದ್ದನ್ನೆಲ್ಲ ಬರೆದು, ತಾನೇ ರಟ್ಟು ಹಾಕಿ ಡೇವಿಗೆ ಕಳಿಸಿದ. ಮರುವರ್ಷ ಡೇವಿ ಅವನನ್ನು ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಕೆಲಸಕ್ಕೆ ತೆಗೆದುಕೊಂಡರು. ಅದೇ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಿಂದ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾದವು, ಶುರುಮಾಡಿಸಿದವರು ಫ್ಯಾರಡೆ. ಮುಂದೆ ಹತ್ತೊಂಬತ್ತು ವರ್ಷಗಳ ಮಾಲೆಗಳನ್ನು ತಾವೇ ಕೊಟ್ಟರು. ವಿದ್ಯುತ್ತಿನ ಅಷ್ಟೊಂದು ಕೆಲಸ ಕೈಯಲ್ಲಿದ್ದ ಮನುಷ್ಯ ಮಕ್ಕಳೆದುರು ಮೇಣದ ಬತ್ತಿ ಹಚ್ಚಿಕೊಂಡು ಯಾಕೆ ನಿಲ್ಲುತ್ತಿದ್ದರು ಎಂದು ನನಗೆ ಅರ್ಥವಾಗುತ್ತದೆ.

ಆದರೆ ಋಣ ತೀರಿಸಲು ಒಂದು ಸಲ, ಎರಡು ಸಲ ಹೋಗಬಹುದು. ವರ್ಷವರ್ಷವೂ ಹೋಗಲು ಬೇರೆ ಏನೋ ಎಳೆಯಬೇಕು. ನನ್ನನ್ನು ಎಳೆಯುವುದು ಮಕ್ಕಳ ಪ್ರಶ್ನೆ. ನಮ್ಮ ಕರಾವಳಿಯ ಮಕ್ಕಳ ಪ್ರಶ್ನೆ ಎಂದೇ ಹೇಳಬೇಕು, ಯಾಕೆಂದರೆ ಅವರು ನನ್ನ ವಿಷಯವನ್ನು ದಿನಾ ಕೈಯಲ್ಲಿ ಹಿಡಿಯುವವರು.

ಬೇಲೆಕೇರಿ ಹತ್ತಿರದ ಒಂದು ಶಾಲೆಗೆ ಬೆಂಕಿಪೊಟ್ಟಣದಲ್ಲಿ ಮೀನಿನ ಕಿವಿಗಲ್ಲುಗಳನ್ನು ಒಯ್ದಿದ್ದೆ. ಮೀನಿನ ತಲೆಯೊಳಗೆ, ಮಿದುಳಿನ ಆಚೀಚೆ, ಸುಣ್ಣದ ಪುಟ್ಟ ಕಲ್ಲುಗಳಿರುತ್ತವೆ. ಮೈಯ ಸಮತೋಲಕ್ಕೂ ಕೇಳುವುದಕ್ಕೂ ಬೇಕಾದವು. ಮೀನು ಬೆಳೆದಂತೆ ಕಲ್ಲಿನ ಮೇಲೂ ಪದರ ಕೂಡುತ್ತದೆ, ಮರದ ಕಾಂಡದ ಉಂಗುರದ ಹಾಗೆ. ಚಳಿ ದೇಶದ ಮೀನುಗಳಲ್ಲಿ ವರ್ಷದ ಗೆರೆ ಎದ್ದು ಕಾಣುತ್ತದೆ. ನಮ್ಮ ಬೆಚ್ಚಗಿನ ಕಡಲಿನಲ್ಲಿ ಅದು ಅಷ್ಟು ಸ್ಪಷ್ಟವಿಲ್ಲ, ಹಾಗಾಗಿ ಕಲ್ಲನ್ನು ತೆಳ್ಳಗೆ ತೇಯ್ದು ಸೂಕ್ಷ್ಮದರ್ಶಕದಲ್ಲಿ ದಿನದ ಗೆರೆಗಳನ್ನೇ ಎಣಿಸುತ್ತೇವೆ. ಇದನ್ನೆಲ್ಲ ಹೇಳಿ ಮುಗಿಸುವುದರೊಳಗೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ‘ಅಕ್ಕೋರೆ, ಮೋರಿಗೆ ಕಲ್ಲಿಲ್ಲ’ ಅಂದ. ಮೋರಿ ಎಂದರೆ ಶಾರ್ಕ್. ಪ್ರಶ್ನೆಯ ಹಾಗೆ ಹೇಳಲಿಲ್ಲ, ಕಂಡದ್ದನ್ನು ಹೇಳಿದ. ಅವನ ತಾಯಿ ಮೀನು ಮಾರುವವರು, ಮೋರಿಯ ತಲೆ ಕೊಯ್ಯುವಾಗ ಅವನು ಎಷ್ಟೋ ಸಲ ಪಕ್ಕದಲ್ಲಿ ಕೂತವನು.

ಅವನು ಹೇಳಿದ್ದು ಸರಿ. ಶಾರ್ಕು, ತೊರಕೆಗಳ ಅಸ್ಥಿಪಂಜರ ಮೃದ್ವಸ್ಥಿಯದು, ಅವುಗಳ ಕಿವಿಯಲ್ಲಿ ಮರಳಿನಂಥ ಹರಳು ಮಾತ್ರ ಇರುತ್ತದೆ. ವಯಸ್ಸು ಲೆಕ್ಕ ಹಾಕಬೇಕೆಂದರೆ ಬೆನ್ನುಮೂಳೆಯ ಮಣಿಯನ್ನು ಅಡ್ಡ ಕತ್ತರಿಸಿ ಅದರ ಉಂಗುರ ಎಣಿಸಬೇಕು. ಮೀನು ಕೊಯ್ದ ಕೈಗೆ ಮಾತ್ರ ಹೊಳೆಯುವ ಮಾತು ಅವನದು. ನಾನು ಮೋರಿಗೆ ಕಿವಿಗಲ್ಲಿಲ್ಲ ಎಂದು ಕಲಿತದ್ದು ಎಂ.ಎಸ್ಸಿ. ಪುಸ್ತಕದಲ್ಲಿ. ಈ ಹುಡುಗ ಎಂಟನೇ ತರಗತಿಯಲ್ಲಿ ತಾನಾಗಿ ಕಂಡುಕೊಂಡಿದ್ದ. ತಾನು ಕಂಡದ್ದಕ್ಕೆ ವಿಜ್ಞಾನ ಎಂದು ಹೆಸರು ಎಂಬುದಷ್ಟೇ ಅವನಿಗೆ ಗೊತ್ತಿರಲಿಲ್ಲ. ಅದನ್ನು ಹೇಳಿ ಬರಲಿಕ್ಕೆ ಒಂದು ದಿನದ ರಜೆ ಹಾಕಿದರೆ ನನಗೇನು ನಷ್ಟ?

ಇನ್ನೊಂದು ಸಲ ಅಘನಾಶಿನಿಯ ದಡದ ಒಂದು ಶಾಲೆಯಲ್ಲಿ ಒಬ್ಬ ಹುಡುಗಿ, ‘ಮಳೆಗಾಲದಲ್ಲಿ ಹೊಳೆ ನೀರು ಸಿಹಿ ಆಗ್ತದಲ್ಲ, ಆಗ ಬಳಚು ಎಲ್ಲಿ ಹೋಗ್ತದೆ?’ ಎಂದು ಕೇಳಿದಳು. ಎಲ್ಲಿಗೂ ಹೋಗುವುದಿಲ್ಲ, ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು, ಆಮ್ಲಜನಕವಿಲ್ಲದೆಯೇ ಮೈ ನಡೆಸಿಕೊಂಡು ಉಪ್ಪು ಮರಳುವುದನ್ನು ಕಾಯುತ್ತದೆ, ತೀರಾ ಹೆಚ್ಚು ದಿನವಾದರೆ ಸಾಯುತ್ತದೆ ಅಂದೆ. ‘ಎಷ್ಟು ದಿನ?’ ಅಂದಳು. ನನ್ನ ಹತ್ತಿರ ಇದ್ದದ್ದು ತೊಟ್ಟಿಯಲ್ಲಿ ಇಟ್ಟು ನೋಡಿದ ಅಂಕಿ. ಹೊಳೆಯಲ್ಲಿ ಹೇಗೆ ಎಂದರೆ, ಅವಳ ಅಜ್ಜಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಮಳೆ ಜೋರಾದ ವರ್ಷ ಮೇಲಿನ ದಿಬ್ಬದ ಬಳಚು ಮೊದಲು ಸಾಯುತ್ತದೆ, ಅಳಿವೆ ಬಾಯಿಯದು ಉಳಿಯುತ್ತದೆ, ಮುಂದೆ ಬೀಜ ಬರುವುದು ಅಲ್ಲಿಂದಲೇ ಎಂದು ಆ ಅಜ್ಜಿ ಹೇಳಿದ್ದರಂತೆ. ಆಮೇಲೆ ನಾನು ಮಾದರಿ ತೆಗೆಯುವ ಎರಡು ಜಾಗ ಬದಲಿಸಿದೆ. ಅಘನಾಶಿನಿ ಅಳಿವೆಗೆ 2024ರಲ್ಲಿ, ಮುಖ್ಯವಾದ ಜೌಗುಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿತು, 4,801 ಹೆಕ್ಟೇರಿನ ಆ ಪ್ರದೇಶವನ್ನು ಈಗ ಜಗತ್ತು ಗುರುತಿಸುತ್ತದೆ. ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಇಳಿತದಲ್ಲಿ ಬಳಚು ಆರಿಸುವ ಹೆಂಗಸರು, ಎಲ್ಲದರ ವಿವರ ಆ ಮನೆಗಳ ಮಕ್ಕಳ ತಲೆಯಲ್ಲಿದೆ. ಅವರನ್ನು ಕೇಳದೆ ಅಳಿವೆಯ ಬಗ್ಗೆ ಬರೆಯುವುದು ನನ್ನ ಕೈಯಿಂದ ಆಗದ ಕೆಲಸ.

ಇದಕ್ಕೆ ಭಾಷೆಯ ಒಂದು ಕಾರಣವೂ ಇದೆ, ಅದನ್ನು ಕಲಿತದ್ದು ಸೋತು. ಮೊದಲ ಸಲ ಘಟ್ಟದ ಮೇಲಿನ ಒಂದು ಹೈಸ್ಕೂಲಿಗೆ ಹೋದಾಗ ನಾನು ಸಮ್ಮೇಳನಕ್ಕೆ ಮಾಡಿಟ್ಟ ಇಂಗ್ಲಿಷ್ ಸ್ಲೈಡುಗಳನ್ನೇ ಒಯ್ದಿದ್ದೆ. ಇನ್ನೂರು ಮಕ್ಕಳು, ಒಂದೂವರೆ ಗಂಟೆ, ಒಂದೇ ಒಂದು ಪ್ರಶ್ನೆ ಇಲ್ಲ. ಹೊರಡುವಾಗ ಅಲ್ಲಿಯ ಮಾಸ್ತರರು ಮೆಲ್ಲಗೆ, ‘ಮಕ್ಕಳು ನಿಮ್ಮನ್ನು ನೋಡಿದ್ರು, ಕೇಳಿಸಿಕೊಳ್ಳಲಿಲ್ಲ’ ಅಂದರು. ಆ ರಾತ್ರಿ ಬಸ್ಸಿನಲ್ಲಿ ನನ್ನ ಮಾತನ್ನು ಕನ್ನಡದಲ್ಲಿ ಮತ್ತೆ ಹೇಳಿಕೊಳ್ಳಲು ನೋಡಿದೆ. ಎಸ್ಚುರಿ ಅನ್ನುವುದಕ್ಕೆ ಅಳಿವೆ ಇತ್ತು, ಸ್ಯಾಲಿನಿಟಿಗೆ ಉಪ್ಪಿನಂಶ ಇತ್ತು. ಆದರೆ ಪಾಪ್ಯುಲೇಶನ್ ಡೈನಾಮಿಕ್ಸ್ ಎಂದು ಇಪ್ಪತ್ತು ಸಲ ಹೇಳಿದ್ದೆನಲ್ಲ, ಅದನ್ನು ಬಿಡಿಸಿ ಹೇಳಹೊರಟಾಗ ಮಾತು ನಿಂತಿತು. ಎಷ್ಟು ಹುಟ್ಟುತ್ತವೆ, ಎಷ್ಟು ತಾವಾಗಿ ಸಾಯುತ್ತವೆ, ಎಷ್ಟನ್ನು ನಾವು ಹಿಡಿಯುತ್ತೇವೆ, ಈ ಮೂರು ಲೆಕ್ಕ ಒಂದಕ್ಕೊಂದು ಹೇಗೆ ತಗಲುತ್ತವೆ ಎಂದು ಅಮ್ಮನಿಗೆ ಹೇಳುವ ಹಾಗೆ ಹೇಳಬೇಕಾಯಿತು. ಹಾಗೆ ಹೇಳುತ್ತಿದ್ದಂತೆ, ‘ತಾವಾಗಿ ಸಾಯುವ’ ಲೆಕ್ಕವನ್ನು ನಾನು ಪುಸ್ತಕದಿಂದ ಎತ್ತಿಕೊಂಡಿದ್ದೇನೆ, ನಮ್ಮ ಹೊಳೆಯಲ್ಲಿ ಅಳೆದೇ ಇಲ್ಲ ಎಂದು ಹೊಳೆಯಿತು. ಕಠಿಣ ಪದದ ಹಿಂದೆ ಆ ತೂತು ಅಷ್ಟು ದಿನ ಅಡಗಿತ್ತು. ಯಾವ ವಿಮರ್ಶಕರೂ ತೋರಿಸದ ತಪ್ಪನ್ನು ಇನ್ನೂರು ಮಕ್ಕಳ ಮೌನ ತೋರಿಸಿತು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿರುವ ಕಡೆ ಈಗ ಮೀನಿನ ಹೆಸರನ್ನು ಅವರಿಂದಲೇ ಮೊದಲು ಕೇಳಿಕೊಳ್ಳುತ್ತೇನೆ.

ಸಿ.ವಿ. ರಾಮನ್ ಕತೆಯನ್ನು ಕಾರವಾರದ ಮಕ್ಕಳಿಗೆ ಕಡಲ ದಂಡೆಯಲ್ಲೇ ಹೇಳಬೇಕು. 1921ರಲ್ಲಿ ಅವರು ಹಡಗಿನಲ್ಲಿ ಹೋಗುವಾಗ ಮೆಡಿಟರೇನಿಯನ್ ಕಡಲಿನ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದು ಲಾರ್ಡ್ ರ‍್ಯಾಲೆಯಂಥ ದೊಡ್ಡವರು ಹೇಳಿ ಆಗಿತ್ತು. ರಾಮನ್ ನಿಕೋಲ್ ಪಟ್ಟಕದ ಮೂಲಕ, ಮೇಲ್ಮೈಯ ಪ್ರತಿಫಲನವನ್ನು ತಡೆದು ನೀರನ್ನು ನೋಡಿದರು. ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ದಾರಿ ಅಲ್ಲಿಂದ ತೆರೆದು, 1928ರ ಫೆಬ್ರವರಿ 28ರ ರಾಮನ್ ಪರಿಣಾಮದ ಶೋಧಕ್ಕೆ ಮುಟ್ಟಿತು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಕಡಲಿನ ನೀಲಿಗೆ ದೊಡ್ಡ ಕಾರಣ ಎಂದು ಈಗ ಸೇರಿಸಿ ಹೇಳುತ್ತೇವೆ. ನಾನು ಒಂದು ಪೋಲರಾಯ್ಡ್ ಕನ್ನಡಕ ಒಯ್ಯುತ್ತೇನೆ. ಅದನ್ನು ಕಣ್ಣೆದುರು ಹಿಡಿದು ಮೆಲ್ಲಗೆ ತಿರುಗಿಸಿದರೆ ನೀರಿನ ಮೇಲಿನ ಹೊಳಪು ಒಂದು ಕಡೆಗೆ ಬಂದಾಗ ಆರಿಹೋಗುತ್ತದೆ, ಅಡಿಯ ಬಣ್ಣ ಉಳಿಯುತ್ತದೆ. ನಲವತ್ತು ಮಕ್ಕಳು ಸಾಲಾಗಿ ತಿರುಗಿಸಿ ನೋಡಲು ಒಂದು ಗಂಟೆ ಬೇಕು. ಆ ಒಂದು ಗಂಟೆಯನ್ನು ಕಡಿಮೆ ಮಾಡಬಾರದು. ಒಂದು ಸಲ ಒಬ್ಬಳು, ‘ಜುಲೈನಲ್ಲಿ ಮಾತ್ರ ನಮ್ಮ ಕಡಲು ಚಹಾದ ಬಣ್ಣ ಯಾಕೆ?’ ಅಂದಳು. ಉತ್ತರವನ್ನು ಪಕ್ಕದವನೇ ಕೊಟ್ಟ: ಕಾಳಿ ಹೊಳೆ ಘಟ್ಟದ ಮಣ್ಣು ತರುತ್ತದೆ. ನೊಬೆಲ್ ಬಂದ ಎಷ್ಟೋ ವರ್ಷಗಳ ಮೇಲೆ, 1968ರ ಡಿಸೆಂಬರಿನಲ್ಲಿ, ಎಂಬತ್ತರ ರಾಮನ್ ಅಹಮದಾಬಾದಿನ ಸಮುದಾಯ ವಿಜ್ಞಾನ ಕೇಂದ್ರದ ಶಂಕುಸ್ಥಾಪನೆಗೆ ಹೋಗಿ ಮಾತಾಡಿದ ವಿಷಯ, ಆಕಾಶ ಯಾಕೆ ನೀಲಿ ಎಂಬುದು.

ಎಲ್ಲ ಪ್ರಶ್ನೆಯೂ ಹೀಗೆ ಹಗುರವಾಗಿ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ಎದ್ದ ನೀರಿಗೆ ಆಚೆ ದಡದ ಉಳುವರೆಯ ಮನೆಗಳೂ ಹೋದವು. ಆ ಮಳೆಗಾಲ ಮುಗಿದ ಮೇಲೆ ನಾನು ಹೋದ ಶಾಲೆಯಲ್ಲಿ ಮೀನಿನ ಮಾತು ಯಾರಿಗೂ ಬೇಕಿರಲಿಲ್ಲ. ‘ನಮ್ಮನೆ ಹಿಂದಿನ ಗುಡ್ಡ ಬೀಳ್ತದಾ?’ ಎಂದು ಒಬ್ಬ ಸಣ್ಣ ಹುಡುಗ ಕೇಳಿದ. ಬೀಳುವುದಿಲ್ಲ ಮಗಾ ಎಂದು ಸಮಾಧಾನ ಹೇಳುವುದು ಸುಲಭ, ಆದರೆ ಅದು ಸುಳ್ಳಾಗಬಹುದು. ಅದು ನನ್ನ ವಿಷಯವಲ್ಲ, ತಿಳಿದವರನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿ, ಮುಂದಿನ ತಿಂಗಳು ಭೂವಿಜ್ಞಾನ ಓದಿದ ಗೆಳತಿಯೊಬ್ಬಳನ್ನು ಕರೆದೊಯ್ದೆ. ಅವಳು ಚಿರೇಕಲ್ಲಿನ ಒಂದು ತುಂಡು, ಅದರಡಿಯ ಜೇಡಿಯ ಒಂದು ಉಂಡೆ ಇಟ್ಟು ನೀರು ಹೊಯ್ದು ತೋರಿಸಿದಳು. ನೀರು ಮೇಲಿನಿಂದ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ, ಮಣ್ಣು ಭಾರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ, ರಸ್ತೆಗೆಂದು ಗುಡ್ಡದ ಬುಡ ಕಡಿದಿದ್ದರೆ ಆತುಕೊಳ್ಳಲು ಏನೂ ಇರುವುದಿಲ್ಲ. ಆಮೇಲೆ ನೋಡಿಕೊಳ್ಳಬೇಕಾದ ಗುರುತುಗಳನ್ನು ಹೇಳಿದಳು. ಗುಡ್ಡದ ಮೇಲೆ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ತಿಳಿಯಾಗಿದ್ದ ಒರತೆ ಒಮ್ಮೆಲೇ ಕೆಂಪಾಗುವುದು, ಮನೆಯ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು. ಇವು ಕಂಡರೆ ರಾತ್ರಿಯಾದರೂ ಸರಿ ಮನೆ ಬಿಟ್ಟು ಹೊರಡಿ, ಆಮೇಲೆ ಪಂಚಾಯಿತಿಗೆ ತಿಳಿಸಿ ಎಂದಳು. ಮಕ್ಕಳು ಬರೆದುಕೊಂಡರು. ನಾನು ಇಷ್ಟು ವರ್ಷಗಳಲ್ಲಿ ಕಂಡ ಅತಿ ಮುಖ್ಯವಾದ ತರಗತಿ ಅದು. ಶಿರಸಿ, ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಬಗ್ಗೆ, ಉಣುಗು ಕಚ್ಚದಂತೆ ಕಾಡಿಗೆ ಹೇಗೆ ಹೋಗಬೇಕು ಎಂಬ ಬಗ್ಗೆ ಮಕ್ಕಳೆದುರು ಮಾತಾಡುವವರದೂ ಇದೇ ಬಗೆಯ ಕೆಲಸ.

ಹೆಣ್ಣುಮಕ್ಕಳ ವಿಷಯ ಒಂದಿದೆ. ವಿಜ್ಞಾನಿಯ ಚಿತ್ರ ಬರೆಯಿರಿ ಎಂದು 4,807 ಮಕ್ಕಳಿಗೆ ಹೇಳಿಸಿ, ಡೇವಿಡ್ ಚೇಂಬರ್ಸ್ ಎನ್ನುವವರು 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಣ್ಣನ್ನು ಬರೆದವರು 28 ಮಂದಿ, ಆ 28 ಜನರೂ ಹುಡುಗಿಯರೇ. ಅದು ಬೇರೆ ದೇಶದ, ಹಳೆಯ ಕಾಲದ ಮಾತು. ಆದರೆ ನಾನು ಇಲ್ಲಿ ಬರೆಸಿದಾಗಲೂ ಬಿಳಿ ಕೋಟು, ಕನ್ನಡಕ, ಹೊಗೆಯಾಡುವ ಗಾಜಿನ ಬುರುಡೆ, ಗಂಡಸು. ಹೊನ್ನಾವರದ ಕಡೆ ಒಂದು ಶಾಲೆಯಲ್ಲಿ, ‘ಸೈಂಟಿಸ್ಟ್ ಬರ್ತಾರೆ ಅಂದಿದ್ರು, ನೀವು ಅವರ ಮನೆಯವರಾ?’ ಎಂದು ಐದನೇ ತರಗತಿಯ ಹುಡುಗಿ ಕೇಳಿದ್ದಳು. ನಾನೇ ಅಂದೆ. ಅವಳು ನನ್ನ ಸೀರೆಯನ್ನು, ಚೀಲವನ್ನು, ಒಡೆದ ಉಗುರುಗಳನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಏನು ನಡೆಯುತ್ತಿತ್ತು ಎಂದು ನನಗೆ ಗೊತ್ತಿತ್ತು. ನೂರು ಭಿತ್ತಿಪತ್ರ ಅಂಟಿಸಿದರೂ ಅದು ಸಿಗುವುದಿಲ್ಲ, ಒಬ್ಬಳು ಎದುರಿಗೆ ಹೋಗಿ ನಿಲ್ಲಬೇಕು.

ಇನ್ನು ಕರೆಯುವ ವಿಚಾರ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರಜೀವಿಶಾಸ್ತ್ರ ವಿಭಾಗವಿದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ. ಅಡಿಕೆಯ ಕೊಳೆ, ಎಲೆಚುಕ್ಕಿಯ ಬಗ್ಗೆ, ಕಾಡಿನ ಬಗ್ಗೆ ಆದರೆ ಶಿರಸಿಯ ಅರಣ್ಯ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ. ಮುಖ್ಯಸ್ಥರ ಹೆಸರಿಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಸಾಕು. ಆ ಪತ್ರದಲ್ಲಿ ‘ವಿಶೇಷ ಉಪನ್ಯಾಸ ನೀಡಬೇಕು’ ಎಂದು ಬರೆಯಬೇಡಿ. ಮಕ್ಕಳಿಂದಲೇ ಹತ್ತು ಪ್ರಶ್ನೆ ಬರೆಸಿ, ಅವರದೇ ಅಕ್ಷರದಲ್ಲಿ, ತಿದ್ದದೆ ಲಗತ್ತಿಸಿ. ಅದನ್ನು ಓದಿದ ಮೇಲೂ ಬರಲು ಮನಸ್ಸಾಗದ ವಿಜ್ಞಾನಿ ಬಂದೂ ಪ್ರಯೋಜನವಿಲ್ಲ.

ರಾಷ್ಟ್ರೀಯ ವಿಜ್ಞಾನ ದಿನವಾದ ಫೆಬ್ರವರಿ 28ಕ್ಕೇ ಬರಬೇಕೆಂದು ಹಟ ಹಿಡಿಯಬೇಡಿ, ಆ ದಿನ ಎಲ್ಲ ಕಡೆಯಿಂದಲೂ ಕರೆ ಇರುತ್ತದೆ. ಶಾಲು, ಹಾರ, ಸ್ವಾಗತ, ವಂದನಾರ್ಪಣೆ ಎಂದು ಮುಕ್ಕಾಲು ಗಂಟೆ ಹೋಗುವುದು ನನಗೆ ನಿಜವಾಗಿ ನೋವಾಗುವ ಸಂಗತಿ, ಅಷ್ಟು ಹೊತ್ತಿನಲ್ಲಿ ಹತ್ತು ಮಕ್ಕಳು ಮಾತಾಡಬಹುದಿತ್ತು. ಒಂದು ಸಲಕ್ಕೆ ಮೂವತ್ತು, ನಲವತ್ತು ಮಕ್ಕಳಿರಲಿ. ಜಾಣರನ್ನು ಮುಂದೆ ಕೂರಿಸಿ ಪ್ರಶ್ನೆ ಬಾಯಿಪಾಠ ಮಾಡಿಸುವುದು ಬೇಡ. ಕೋಚಿಂಗಿನವರ ಬಗ್ಗೆ ನಿಮ್ಮ ಪಾಲಕರ ಎಚ್ಚರ ಸರಿಯಾದದ್ದು. ಬಂದವರು ಮಕ್ಕಳ ಹೆಸರು, ಫೋನ್ ನಂಬರು ಬರೆದುಕೊಳ್ಳತೊಡಗಿದರೆ, ಯಾವುದೋ ಪರೀಕ್ಷೆಯ ಅರ್ಜಿ ಹಂಚಿದರೆ, ಹೆಡ್‌ಮಾಸ್ತರರು ಅಲ್ಲಿಗೇ ನಿಲ್ಲಿಸಿಬಿಡಲಿ. ವಿಜ್ಞಾನಿಗೆ ಬೇಕಾದ್ದು ಮಕ್ಕಳ ಪ್ರಶ್ನೆ, ಅವರ ಫೋನ್ ನಂಬರಲ್ಲ. ಬಸ್ ಚಾರ್ಜು ಕೊಡಲು ನೋಡಿ, ಬೇಡ ಅಂದರೆ ಬಲವಂತ ಮಾಡಬೇಡಿ. ಮಧ್ಯಾಹ್ನ ಮಕ್ಕಳ ಜೊತೆಯಲ್ಲೇ ಬಿಸಿಯೂಟ ಹಾಕಿಸಿ. ನನಗೆ ಒಳ್ಳೊಳ್ಳೆಯ ಪ್ರಶ್ನೆಗಳು ಸಿಕ್ಕಿದ್ದು ತಟ್ಟೆ ತೊಳೆಯುವ ನಲ್ಲಿಯ ಹತ್ತಿರ.

ನಿಮ್ಮ ಶಾಲೆ ಕುಮಟಾ ತಾಲ್ಲೂಕಿನದು ಎಂದಿರಿ, ಹೊಳೆ ಹತ್ತಿರವಿದ್ದರೆ ಮೊದಲ ಸಲ ನಾನೇ ಬರುತ್ತೇನೆ. ಮಳೆ ಪೂರ್ತಿ ನಿಂತ ಮೇಲೆ ಒಂದು ಅಮಾವಾಸ್ಯೆಯ ಆಚೀಚೆ ದಿನ ಗೊತ್ತುಮಾಡಿ, ಆಗ ಸಂಜೆ ಹೊತ್ತಿಗೆ ನೀರು ಚೆನ್ನಾಗಿ ಇಳಿದಿರುತ್ತದೆ. ಇಳಿತದ ಗಳಿಗೆಯನ್ನು ಬಳಚು ಆರಿಸುವ ಯಾರನ್ನಾದರೂ ಕೇಳಿ ನನಗೆ ತಿಳಿಸಿದರೆ ಸಾಕು. ಸಾಧ್ಯವಾದರೆ ಅವರನ್ನೂ ಅವತ್ತು ಬರಲು ಹೇಳಿ. ಮಕ್ಕಳು ಎರಡು ಬಕೆಟ್, ಒಂದು ಹಳೆಯ ಸೋಸುವ ಬಟ್ಟೆ, ಗೆರೆ ಹಾಕಿದ ಒಂದು ಅಡಿಪಟ್ಟಿ ತರಲಿ. ಅಳತೆಯ ಹಲಗೆ ನನ್ನ ಹತ್ತಿರ ಇದೆ.